ಡಬ್ಬಿಯಮ್ಮನ ಹನ್ನೊಂದು ರೌಟರುಗಳು

ಬೆಳಗಿನ ಆರೂಕಾಲು ಗಂಟೆ. ಬೀದಿ ದೀಪಗಳು ಇನ್ನೂ ಆರಿಲ್ಲ. ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆಯಿರುವ ಉದ್ದನೆಯ ಮನೆಯೊಳಗೆ ಹೆಂಗಸೊಬ್ಬರು ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಿದ್ದಾರೆ. ಒಂದು ಕಡೆ ತಟ್ಟಿ, ತಲೆ ವಾರೆ ಮಾಡಿ ಆಲಿಸಿ, ಒಂದು ಹೆಜ್ಜೆ ಸರಿದು ಮತ್ತೆ ತಟ್ಟುತ್ತಾರೆ, ಕಲ್ಲಂಗಡಿ ಆರಿಸುವವರ ಹಾಗೆ.

“ಈ ಗೋಡೆ ಗಟ್ಟಿ. ಅದರ ಹಿಂದಿಂದು ಇನ್ನೂ ಗಟ್ಟಿ. ಹಳೇ ಡಬ್ಬಿ ಪಾಪ, ಹಜಾರದಲ್ಲಿ ಕೂತು ಎಷ್ಟು ಅಂತ ಕೂಗತ್ತೆ!” ಎನ್ನುತ್ತಾರೆ.

ವಯಸ್ಸು ಐವತ್ತಮೂರು. ಈ ಬಡಾವಣೆಯಲ್ಲಿ ಅವರ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ರೌಟರನ್ನು ಡಬ್ಬಿ ಎನ್ನುವ ಅವರು ಎಲ್ಲರಿಗೂ ಡಬ್ಬಿಯಮ್ಮ. ಹೆಗಲಿನ ಚೀಲದಲ್ಲಿ ಹನ್ನೊಂದು ರೌಟರುಗಳಿರುತ್ತವೆ, ಒಂದೂ ಹೊಸದಲ್ಲ. ಒಂದರ ಮೂಲೆ ಮುರಿದಿದೆ. ಇನ್ನೊಂದರ ಮೇಲೆ ಯಾವುದೋ ಮಗು ಅಂಟಿಸಿದ ನಕ್ಷತ್ರವನ್ನು ಅವರು ಇವತ್ತಿಗೂ ಕಿತ್ತಿಲ್ಲ.

ಇಲ್ಲಿ ಇಂಟರ್ನೆಟ್ ನೆಲದಡಿಯ ತಂತಿಯಲ್ಲಿ ಬರುವುದಿಲ್ಲ. ದೂರದ ಗೋಪುರದಿಂದ ಗಾಳಿಯಲ್ಲಿ ಹಾರಿ, ತಾರಸಿಯ ಮೇಲಿನ ತಟ್ಟೆಯಗಲದ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅಲ್ಲಿಂದ ಒಂದು ತಂತಿ ಮನೆಯೊಳಗೆ ಇಳಿಯುತ್ತದೆ. ಕಂಪನಿಯವರ ಕೆಲಸ ಅಲ್ಲಿಗೆ ಮುಗಿಯಿತು. ಆ ತಂತಿಯ ತುದಿಗೆ ರೌಟರ್ ಕೂರಿಸಿ ಕೋಣೆಕೋಣೆಗೆ ಹಂಚುವುದು ಮನೆಯವರ ಪಾಡು. ಯಾವ ರೌಟರ್ ಹೊಂದುತ್ತದೆ? ಕಂಪನಿಯನ್ನು ಕೇಳಿದರೆ ಅಂಗಡಿಯವರನ್ನು ಕೇಳಿ ಎನ್ನುತ್ತಾರೆ. ಅಂಗಡಿಯವರು ಕಂಪನಿಯತ್ತ ಕೈ ತೋರಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತು ಕಣ್ಣುಕಣ್ಣು ಬಿಡುವ ಮನೆಯವರ ಪಕ್ಕದಲ್ಲಿ ಚೀಲ ಹೊತ್ತ ಡಬ್ಬಿಯಮ್ಮ ನಿಲ್ಲುತ್ತಾರೆ.

“ಇಂಥದ್ದೇ ತಗೊಳ್ಳಿ ಅಂತ ಮೊದಲೇ ಹೇಳಲ್ಲ ನಾನು. ಚಪ್ಪಲಿ ಮೆಟ್ಟಿ ನೋಡದೆ ಕೊಳ್ತೀರಾ? ಹಾಗೇ ಇದೂನೂ” ಎನ್ನುತ್ತಾರೆ. ಚೀಲದ ರೌಟರುಗಳನ್ನು ಒಂದೊಂದಾಗಿ ಹಚ್ಚಿ ನೋಡುತ್ತಾರೆ. ಅಗತ್ಯ ಬಿದ್ದರೆ, ಮನೆಗೆ ಒಗ್ಗಿದ್ದನ್ನು ಒಂದು ವಾರ ಅಲ್ಲೇ ಬಿಟ್ಟು ಹೋಗುತ್ತಾರೆ. ವಾರ ಕಳೆದ ಮೇಲೆ ಮನೆಯವರು ಅಂಥದ್ದೇ ಒಂದನ್ನು ತಂದುಕೊಂಡು, ಇವರದನ್ನು ಹಿಂದಿರುಗಿಸುತ್ತಾರೆ. ಯಾವ ಅಂಗಡಿಯ ಪರವಾಗಿಯೂ ಅವರು ಮಾತಾಡುವುದಿಲ್ಲ.

ಇವತ್ತಿನ ಮನೆಯಲ್ಲಿ ಅಕ್ಕ, ಭಾವ, ತಂಗಿ ಇದ್ದಾರೆ. ಇಪ್ಪತ್ತಾರರ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ. ದೂರದೂರಿನ ಕಿವುಡು ಮಕ್ಕಳ ಶಾಲೆಯೊಂದು ವಿಡಿಯೊ ಮೂಲಕ ಸನ್ನೆ ಭಾಷೆಯಲ್ಲಿ ಪಾಠ ಹೇಳುವವರನ್ನು ಹುಡುಕುತ್ತಿದೆ. ಹೋದ ವಾರ ಅವಳ ಪರೀಕ್ಷೆಯ ಪಾಠ ನಡೆದಾಗ ಚಿತ್ರ ನಿಂತು ನಿಂತು ಬಂತು. ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು. ನಮ್ಮ ನಿಮ್ಮ ಮಾತು ತಡವರಿಸಿದರೆ ಅರ್ಧವಾದರೂ ಕಿವಿಗೆ ಬಿದ್ದೀತು, ಸನ್ನೆ ತುಂಡಾದರೆ ಏನೂ ಉಳಿಯುವುದಿಲ್ಲ. ಶಾಲೆಯವರು ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದಾರೆ. ಅದು ಇವತ್ತು ಒಂಬತ್ತು ಗಂಟೆಗೆ.

ಹಜಾರದಲ್ಲೇ ಕೂತು ಪಾಠ ಮಾಡಬಹುದಲ್ಲ ಎಂದರೆ, ಅಲ್ಲಿ ಬೆಳಕು ಬೆನ್ನ ಹಿಂದಿನಿಂದ ಬೀಳುತ್ತದೆ, ಕೈಗಳು ಬರೀ ನೆರಳಾಗುತ್ತವೆ. ಹಿಂದಿನ ಕೋಣೆಯ ಕಿಟಕಿಯ ಮುಂದೆ ಕೂತರೆ ಬೆರಳು ಬೆರಳೂ ಸ್ಪಷ್ಟ. ಆದರೆ ಹಳೆಯ ರೌಟರಿನ ದನಿ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೇ ಭಾವ ನಿನ್ನೆ ಸಂಜೆ ಅಂಗಡಿಗೆ ಹೋಗಿ ಆರು ಕೊಂಬಿನ ಹೊಸ ರೌಟರ್ ತಂದಿದ್ದಾರೆ. ಅಂಗಾತ ಮಲಗಿಸಿದ ಜೇಡದ ಹಾಗಿದೆ. ತಂದಾಗಿನಿಂದ ಇಂಟರ್ನೆಟ್ಟೇ ಇಲ್ಲ.

“ಎಲ್ಲದಕ್ಕೂ ಆಗತ್ತೆ ಅಂದ್ರು ಅಂಗಡಿಯೋರು” ಎಂದು ಭಾವ ಗೋಡೆ ನೋಡುತ್ತಾ ಹೇಳುತ್ತಾರೆ.

“ಎಲ್ಲದಕ್ಕೂ ಆಗತ್ತೆ, ನಮ್ಮನೆ ಒಂದಕ್ಕೆ ಬಿಟ್ಟು” ಎಂದು ಅಕ್ಕ ಚುಚ್ಚುತ್ತಾರೆ. “ಆರು ಕೊಂಬಿದೆ, ಹಾಯೋಕೂ ಬರಲ್ಲ.”

“ಬೈಬೇಡಿ ಕಣಮ್ಮಾ, ಅವರು ಒಳ್ಳೇ ಮನಸಿಂದ ತಂದಿದಾರೆ” ಎಂದು ಡಬ್ಬಿಯಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

ಮೊದಲು ಲ್ಯಾಪ್‌ಟಾಪನ್ನು ನೇರವಾಗಿ ತಾರಸಿಯ ತಂತಿಗೆ ಸಿಕ್ಕಿಸುತ್ತಾರೆ. ಇಂಟರ್ನೆಟ್ ಬರುತ್ತದೆ. ಹಾಗಾದರೆ ತಂತಿ ಸರಿಯಿದೆ. ಹೊಸ ರೌಟರ್ ಹಚ್ಚುತ್ತಾರೆ. ದೀಪ ಹತ್ತುತ್ತದೆ, ಹಿಂದಿನ ಕೋಣೆಯವರೆಗೂ ವೈಫೈ ತುಂಬಿ ತುಳುಕುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಹಳೆಯದನ್ನು ಹಚ್ಚಿದರೆ ಪುಟ ತೆರೆಯುತ್ತದೆ, ಹಜಾರದ ಆಚೆಗೆ ವೈಫೈ ಹೋಗುವುದಿಲ್ಲ. ತಂತಿ ಒಳ್ಳೆಯದು, ಡಬ್ಬಿಯೂ ಒಳ್ಳೆಯದು, ಒಟ್ಟಿಗೆ ಕೂರಿಸಿದರೆ ಮುಖ ತಿರುಗಿಸುತ್ತವೆ.

ಕಂಪನಿಗೆ ಫೋನ್ ಮಾಡುತ್ತಾರೆ. “ನಮ್ಮ ಲೈನ್ ಸರಿ ಇದೆ ಮೇಡಂ, ರೌಟರ್ ನೋಡ್ಕೊಳ್ಳಿ” ಎಂಬ ಉತ್ತರ ಬರುತ್ತದೆ. ಅಂಗಡಿಯವರನ್ನು ನಿದ್ದೆಯಿಂದ ಎಬ್ಬಿಸಿ ಕೇಳುತ್ತಾರೆ. “ರೌಟರ್ ಸರಿ ಇದೆಯಮ್ಮಾ, ಲೈನ್ ನೋಡಿ.”

“ನೋಡಿದ್ರಾ, ಎಲ್ಲಾರೂ ಸರಿ. ತಪ್ಪು ಯಾರದು ಅಂತ ಕೇಳಿದ್ರೆ ಬಹುಶಃ ನನ್ನದೇ” ಎಂದು ಡಬ್ಬಿಯಮ್ಮ ನಗುತ್ತಾರೆ. ನಗು ಕಣ್ಣಿನವರೆಗೆ ಏರುವುದಿಲ್ಲ. ಗೋಡೆ ಗಡಿಯಾರ ಏಳೂವರೆ ತೋರಿಸುತ್ತಿದೆ.

ಚೀಲದಿಂದ ಮೊದಲನೆಯ ರೌಟರ್ ತೆಗೆದು ಹಚ್ಚುತ್ತಾರೆ. ಇಲ್ಲ. ನಕ್ಷತ್ರದ ರೌಟರ್? ಅದೂ ಇಲ್ಲ. ಇನ್ನೊಂದು? ಊಹೂಂ. ಮೂಲೆ ಮುರಿದ, ಎಲ್ಲಕ್ಕಿಂತ ಹಳೆಯ ಡಬ್ಬಿಯನ್ನು ಸುಮ್ಮನೆ ಒಂದು ಕೈ ನೋಡೋಣವೆಂದು ಹಚ್ಚಿದರೆ ಇಂಟರ್ನೆಟ್ ಬಂದೇ ಬಿಟ್ಟಿತು! ಆದರೆ ಅದರ ದನಿಯೂ ಹಜಾರಕ್ಕಷ್ಟೇ. ಡಬ್ಬಿಯಮ್ಮ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಮುದುಕರಿಗೆಲ್ಲ ಬಾಗಿಲು ತೆರೆಯುತ್ತದೆ, ಗಟ್ಟಿಮುಟ್ಟಾದವರಿಗೆ ತೆರೆಯುವುದಿಲ್ಲ. ಇದೆಂಥ ಲೆಕ್ಕ?

“ಆ ಹೊಸದನ್ನ ವಾಪಸ್ ಕೊಟ್ಬಿಡಿ ಸ್ವಾಮಿ, ಇದಕ್ಕೆ ಹೊಂದಲ್ಲ ಅನ್ಸತ್ತೆ” ಎಂದು ಕೊನೆಗೆ ಹೇಳಿಯೂ ಬಿಡುತ್ತಾರೆ. ಭಾವನ ಮುಖ ಸಣ್ಣದಾಗುತ್ತದೆ.

ಈ ಕೆಲಸಕ್ಕೆ ಅವರು ಬಂದದ್ದೂ ವಾಪಸ್ಸಾದ ಡಬ್ಬಿಗಳಿಂದಲೇ. ವಿದ್ಯುತ್ ಸಾಮಾನಿನ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ, ಗಿರಾಕಿಗಳು ಹಿಂದಿರುಗಿಸಿದ್ದನ್ನು ಪಡೆಯುವ ಮೇಜಿನ ಹಿಂದೆ ನಿಂತಿದ್ದವರು. “ಕೆಲಸ ಮಾಡಲ್ಲ ಅಂತ ತಂದು ಕುಕ್ಕೋರು. ನಾನು ಹಚ್ಚಿ ನೋಡಿದ್ರೆ ಹತ್ತರಲ್ಲಿ ಎಂಟಕ್ಕೆ ಏನೂ ಆಗಿರ್ತಿರಲಿಲ್ಲ. ಫೋನ್ ತಂತಿಗೆ ಅಂತ ಮಾಡಿದ್ದನ್ನ ತಾರಸಿ ತಂತಿಗೆ ಸಿಕ್ಕಿಸಿರೋರು. ತಪ್ಪು ಮನೆ ಸೇರಿತ್ತು ಅಷ್ಟೇ.” ಅಂಗಡಿ ಮುಚ್ಚಿದ ದಿನ ಯಜಮಾನರು ಏನು ಬೇಕೋ ತೆಗೆದುಕೊಂಡು ಹೋಗಿ ಎಂದಾಗ, ಉಳಿದವರು ಫ್ಯಾನು, ಮಿಕ್ಸರ್ ಎತ್ತಿಕೊಂಡರು. ಇವರು ವಾಪಸ್ಸಾದ, ಯಾರಿಗೂ ಬೇಡದ ರೌಟರುಗಳ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ಬಂದರು.

ಅದಾಗಿ ಏಳು ವರ್ಷ. ದಿನಕ್ಕೆ ಐದು ಮನೆ, ಕೆಲವು ದಿನ ಆರು. ಚೀಲದ ತೂಕ ನಾಲ್ಕೂವರೆ ಕಿಲೊ. ಬಲ ಮಂಡಿ ಮೆಟ್ಟಿಲಿಗೆ ಹೆದರುತ್ತದೆ. ಬಾಗಿಲು ತೆರೆದವರು ಅವರ ಬೆನ್ನ ಹಿಂದೆ ಇಣುಕಿ “ಮೆಕ್ಯಾನಿಕ್ ಎಲ್ಲಿ?” ಎಂದು ಕೇಳುವುದು ವಾರಕ್ಕೆ ಮೂರು ಸಲವಾದರೂ ಉಂಟು. “ಚೀಲದೊಳಗಿದಾನೆ, ಬಿಸಿಲಿಗೆ ಕಪ್ಪಾಗ್ತಾನೆ ಅಂತ ಮುಚ್ಚಿಟ್ಟಿದೀನಿ” ಎನ್ನುವುದು ಅವರ ಸಿದ್ಧ ಉತ್ತರ. ಬಸ್ ಓಡಿಸುವ ಗಂಡನ ದೂರು ಬೇರೆಯೇ. “ಊರಿಗೆಲ್ಲ ನೆಟ್ ಹಚ್ಚಿ ಬರ್ತಾಳೆ, ನಮ್ಮ ಅಡುಗೆಮನೇಲಿ ಮಾತ್ರ ಫೋನಿನ ಚಕ್ರ ಗರಗರ ತಿರುಗತ್ತೆ.” ದೀಪದ ಬುಡ ಕತ್ತಲೆ.

ಎಂಟು ಗಂಟೆ. ಅಕ್ಕ ಮೂರನೇ ಸಲ ಚಹಾ ತಂದಿಟ್ಟಿದ್ದಾರೆ, ಎರಡನೆಯದೇ ತಣ್ಣಗಾಗಿದೆ. ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ತಂಗಿ ಈಗ ಬಂದು ನೆಲದಲ್ಲಿ ಕೂರುತ್ತಾಳೆ. ಹಚ್ಚಿ ನೋಡಿದ ಡಬ್ಬಿಗಳನ್ನು ಬೋರಲು ಹಾಕಿ ಎರಡು ಸಾಲು ಮಾಡುತ್ತಾಳೆ. ಎಡಗಡೆ ಇಂಟರ್ನೆಟ್ ಬಂದ ಎರಡು, ಬಲಗಡೆ ಬಾರದ ನಾಲ್ಕು. ಪ್ರತಿ ರೌಟರಿನ ಬೆನ್ನ ಮೇಲೂ ಒಂದು ಚೀಟಿಯಿರುತ್ತದೆ. ಅದರಲ್ಲಿ ಆ ರೌಟರಿನ ವಿಳಾಸ, ಅಂದರೆ ಅದರ ಮನೆ ನಂಬರು, ಅಚ್ಚಾಗಿರುತ್ತದೆ. ತಂಗಿಯ ಬೆರಳು ಎಡಸಾಲಿನ ಚೀಟಿಗಳ ಮೇಲೆ ನಿಲ್ಲುತ್ತದೆ: 192.168.0.1. ಬಲಸಾಲಿನ ನಾಲ್ಕರ ಮೇಲೂ ಜಾರುತ್ತದೆ: 192.168.1.1. ಒಂದೇ ಒಂದು ಅಂಕಿ ಬೇರೆ.

ಡಬ್ಬಿಯಮ್ಮ ಅವಳ ಮುಖ ನೋಡುತ್ತಾರೆ. ಅವಳು ಚೀಲಕ್ಕೆ ಕೈ ಹಾಕಿ, ಇನ್ನೂ ಹಚ್ಚದ ಡಬ್ಬಿಗಳ ಬೆನ್ನು ನೋಡಿ ನೋಡಿ, ಸೊನ್ನೆಯಿರುವ ಒಂದನ್ನು ಎತ್ತಿ ಕೊಡುತ್ತಾಳೆ. ಹಚ್ಚುತ್ತಾರೆ. ಇಂಟರ್ನೆಟ್ ಬರುತ್ತದೆ!

“ತಡೀರಿ, ತಡೀರಿ, ಯಾರೂ ಮಾತಾಡಬೇಡಿ” ಎಂದು ಡಬ್ಬಿಯಮ್ಮ ಕೈ ಎತ್ತುತ್ತಾರೆ. ರೌಟರುಗಳನ್ನೆಲ್ಲ ಬದಿಗೆ ಸರಿಸಿ, ಲ್ಯಾಪ್‌ಟಾಪನ್ನು ಮತ್ತೆ ಬರೀ ತಾರಸಿಯ ತಂತಿಗೆ ಸಿಕ್ಕಿಸಿ, 192.168.1.1 ಎಂದು ಒತ್ತುತ್ತಾರೆ. ಅಲ್ಲಿ ಯಾವ ರೌಟರೂ ಇಲ್ಲ, ಏನೂ ತೆರೆಯಬಾರದು. ಆದರೂ ಒಂದು ಪುಟ ತೆರೆದುಕೊಳ್ಳುತ್ತದೆ. ತಾರಸಿಯ ಪೆಟ್ಟಿಗೆಯದು.

ಡಬ್ಬಿಯಮ್ಮ ಸೂರು ನೋಡುತ್ತಾ ಕೇಳುತ್ತಾರೆ: “ಅಯ್ಯೋ, ನೀನೂ ರೌಟರೇನಪ್ಪಾ?”

ಆಗಿದ್ದಿಷ್ಟು. ಮುಂಚೆ ತಾರಸಿಯ ಪೆಟ್ಟಿಗೆ ಬಂದದ್ದನ್ನು ಹಾಗೇ ಕೆಳಗೆ ದಾಟಿಸುತ್ತಿತ್ತು. ಹೋದ ತಿಂಗಳು ಕಂಪನಿಯವರು ಅದನ್ನು ಬದಲಿಸಿದ್ದಾರೆ. ಹೊಸದು ತಾನೇ ಒಂದು ರೌಟರು, ಅದರ ಮನೆ ನಂಬರೂ 192.168.1.1. ಈ ವಿಷಯವನ್ನು ಯಾರೂ ಯಾರಿಗೂ ಹೇಳಿಲ್ಲ. “ಒಂದೇ ಬೀದೀಲಿ ಎರಡು ಮನೆಗೆ ಒಂದೇ ನಂಬರ್ ಇದ್ರೆ ಅಂಚೆಯೋನು ಏನ್ ಮಾಡ್ತಾನೆ? ಬೀದಿ ತುದೀಲಿ ನಿಂತ್ಕೋತಾನೆ” ಎಂದು ಅವರು ವಿವರಿಸುತ್ತಾರೆ.

ತಂತಿ ಬಿಡಿಸಿ, ಭಾವ ತಂದ ಹೊಸ ರೌಟರಿನ ಪುಟಕ್ಕೆ ಹೋಗಿ, ಬೇರೆಯಾಗಿದ್ದ ಆ ಅಂಕಿ ಒಂದನ್ನು ಅಳಿಸಿ ಐವತ್ತು ಮಾಡುತ್ತಾರೆ: 192.168.50.1. ತಂತಿ ಮತ್ತೆ ಸಿಕ್ಕಿಸುತ್ತಾರೆ. ಆರು ಕೊಂಬಿನ ಜೇಡ ಎದ್ದು ಕೂರುತ್ತದೆ. ಎಂಟು ಗಂಟೆ ನಲವತ್ತೆರಡು ನಿಮಿಷಕ್ಕೆ ಹಿಂದಿನ ಕೋಣೆಯ ಕಿಟಕಿಯ ಮುಂದೆ ಪುಟ ತೆರೆಯುತ್ತದೆ.

ಡಬ್ಬಿಯಮ್ಮ ಎದ್ದು ನೇರವಾಗಿ ಭಾವನ ಎದುರಿಗೆ ಹೋಗಿ ನಿಲ್ಲುತ್ತಾರೆ. “ನಿಮ್ಮ ಡಬ್ಬಿ ಮೇಲೆ ಸುಳ್ಳು ಹೇಳಿದೆ, ಸ್ವಾಮಿ. ನನಗೆ ಗೊತ್ತಿಲ್ಲ ಅನ್ನೋ ಬದಲು ಅದು ಸರಿ ಇಲ್ಲ ಅಂದುಬಿಟ್ಟೆ. ನೀವು ತಂದಿದ್ದು ಸರಿಯಾದ್ದೇ.” ಭಾವ ತಣ್ಣಗಾದ ಚಹಾವನ್ನೇ ಎತ್ತಿ ಕುಡಿದುಬಿಡುತ್ತಾರೆ.

ಒಂಬತ್ತಕ್ಕೆ ಹಿಂದಿನ ಕೋಣೆಯ ಬಾಗಿಲು ಮುಚ್ಚುತ್ತದೆ. ಮುಂದಿನ ಮನೆಯವರು ಕಾಯುತ್ತಿದ್ದರೂ ಡಬ್ಬಿಯಮ್ಮ ಕದಲುವುದಿಲ್ಲ. ಒಳಗಿನಿಂದ ಸದ್ದಿಲ್ಲ. ಪಾಠ ನಡೆಯುತ್ತಿದೆಯೋ ನಿಂತಿದೆಯೋ ಕಿವಿಗೊಟ್ಟು ತಿಳಿಯುವಂತಿಲ್ಲ. ಅಕ್ಕ ಸೆರಗಿನ ತುದಿಯನ್ನು ಹಿಂಡುತ್ತಾ ಕೂತಿದ್ದಾರೆ. ಡಬ್ಬಿಯಮ್ಮ ಅವರ ಕೈ ಹಿಡಿದು ರೌಟರಿನ ಕಡೆ ತೋರಿಸುತ್ತಾರೆ. ಅಲ್ಲಿ ಹಸಿರು ದೀಪವೊಂದು ಉಸಿರು ಬಿಡದೆ ಮಿಟುಕುತ್ತಿದೆ.

“ಅದು ಮಿಟುಕ್ತಿರೋವರೆಗೂ ಅವಳು ಮಾತಾಡ್ತಿದಾಳೆ ಅಂತ ಅರ್ಥ” ಎಂದು ಮೆಲ್ಲಗೆ ಹೇಳುತ್ತಾರೆ. ನಲವತ್ತು ನಿಮಿಷ ಮೂವರೂ ಆ ದೀಪವನ್ನೇ ನೋಡುತ್ತಾರೆ. ಅದು ಒಮ್ಮೆಯೂ ನಿಲ್ಲುವುದಿಲ್ಲ.

ಬಾಗಿಲು ತೆರೆದು ಬಂದ ತಂಗಿ ಅಕ್ಕನಿಗೆ ಸರಸರನೆ ಏನೋ ಹೇಳುತ್ತಾಳೆ. “ಸೋಮವಾರದಿಂದ ಬಾ ಅಂದ್ರಂತೆ!” ಎಂದು ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ತಂಗಿ ಡಬ್ಬಿಯಮ್ಮನ ಕಡೆ ತಿರುಗಿ, ಅಂಗೈಯನ್ನು ಬಟ್ಟಲಿನಂತೆ ಮಡಿಸಿ, ಮೆಲ್ಲನೆ ಬೋರಲು ಮಾಡಿ, ಎದೆಗೆ ತಾಕಿಸುತ್ತಾಳೆ. ಎರಡು ಸಲ.

“ಅದು ನಿಮ್ಮ ಹೆಸರು, ಡಬ್ಬಿ ಬೋರಲು ಹಾಕಿದ ಹಾಗೆ. ಅವಳ ಜನಕ್ಕೆ ನಿಮ್ಮ ವಿಷಯ ಹೇಳುವಾಗ ಹಾಗೆ ಕರೀತಾಳಂತೆ. ಸುಮ್ಮಸುಮ್ಮನೆ ಎಲ್ಲರಿಗೂ ಇಡಲ್ಲ ಅವಳು” ಎನ್ನುತ್ತಾರೆ ಅಕ್ಕ.

ಚೀಲ ತುಂಬಿಕೊಳ್ಳುವಾಗ ಡಬ್ಬಿಯಮ್ಮನಿಗೆ ಇನ್ನೇನು ಬೇಕು ಎಂದು ಕೇಳಿದರೆ, ಅವರ ಆಸೆ ಬೆರಳಗಲದ್ದು. “ತಾರಸಿ ಪೆಟ್ಟಿಗೆ ಮೇಲೂ ನಂಬರಿನ ಚೀಟಿ ಅಂಟಿಸಲಿ, ಸಾಕು. ಕಂಪನಿಯೋರನ್ನ ಕೇಳಿಕೊಂಡು ಬರೋಣ ಅಂತಿದೀನಿ.” ಅಲ್ಲಿಯವರೆಗೆ ಯಾವ ಮನೆಗೆ ಹೋದರೂ ಮೊದಲು ಡಬ್ಬಿಯ ಬೆನ್ನು ನೋಡುತ್ತಾರಂತೆ, ಆಮೇಲೆ ಮುಖ.

ಮುಂದಿನ ಮನೆಯ ಬಾಗಿಲು ತೆರೆದವರು ಅವರ ಹೆಗಲಾಚೆ ಇಣುಕಿ ಕೇಳುತ್ತಾರೆ, “ಮೆಕ್ಯಾನಿಕ್ ಎಲ್ಲಮ್ಮ?”

ಇವತ್ತು ಡಬ್ಬಿಯಮ್ಮ ಚೀಲದ ಮಾತೆತ್ತುವುದಿಲ್ಲ. “ನಾನೇ” ಎನ್ನುತ್ತಾರೆ. ಬಟ್ಟಲಿನಂತೆ ಮಡಿಸಿದ ಅವರ ಅಂಗೈ ತನ್ನಷ್ಟಕ್ಕೆ ಮೆಲ್ಲನೆ ಬೋರಲಾಗಿ ಎದೆಗೆ ತಾಕುತ್ತದೆ.