ಚಂದ್ರಿಕೆಯ ಬೂದಿ

ನಮ್ಮ ಮನೆಯ ಕಿಟಕಿಯ ಮೇಲೆ ಹಳೆಯ ಪೌಡರ್ ಡಬ್ಬಿಯೊಂದಿದೆ. ಅದರೊಳಗಿರುವುದು ಪೌಡರಲ್ಲ, ಒಂದು ಹಿಡಿ ಬೂದಿ. ಪಾತ್ರೆ ತಿಕ್ಕಲು ಇರಲಿ ಎಂದು ಮೊನ್ನೆ ಸೊಸೆ ಅದಕ್ಕೆ ಕೈ ಹಾಕಿದಾಗ ನಾನು ಕಿರುಚಿದ ರೀತಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು. ಬೂದಿಗಾಗಿ ಇಷ್ಟು ರಂಪ ಮಾಡುವ ಹೆಂಗಸನ್ನು ನೀವು ಕಂಡಿರಲಾರಿರಿ. ಆದರೆ ಕಾರಣ ಕೇಳಿದರೆ ನೀವೂ ನನ್ನ ಪರವೇ ಮಾತಾಡುತ್ತೀರಿ.

ಶಿಡ್ಲಘಟ್ಟಕ್ಕೆ ಎರಡು ಮೈಲಿ ದೂರದ ನಮ್ಮೂರಿನಲ್ಲಿ, ಐವತ್ತರ ದಶಕದಲ್ಲಿ, ಕಾಮನ ಹುಣ್ಣಿಮೆ ಬಂತೆಂದರೆ ಹುಡುಗರಿಗೆ ಕಳ್ಳತನದ ಪರವಾನಗಿ ಸಿಕ್ಕಂತೆ. ಸೌದೆ, ಬೆರಣಿ, ಮುರಿದ ಮಂಚದ ಕಾಲು, ಕೈಗೆ ಸಿಕ್ಕಿದ್ದೆಲ್ಲ ದೇವಸ್ಥಾನದ ಮುಂದಿನ ಬಯಲಿಗೆ. ಹಾಗೆ ಹೋದದ್ದನ್ನು ಯಾರೂ ವಾಪಸು ಕೇಳಬಾರದು, ಬೈಯಲೂ ಬಾರದು. ವಿಚಿತ್ರ ನೋಡಿ, ಲೋಕದವರೆಲ್ಲ ಪ್ರೇಮಕ್ಕೆ ಹೂವಿನ ಹಾರ ಹಾಕಿದರೆ ನಾವು ಪ್ರೇಮದ ದೇವರನ್ನೇ ಸುಟ್ಟು ಹಬ್ಬ ಮಾಡುತ್ತೇವೆ, ಅದೂ ಕದ್ದ ಸೌದೆಯಲ್ಲಿ!

ಬೆಂಕಿ ಹಚ್ಚುವ ಮೊದಲು ಆ ಹಬ್ಬದ ಕಥೆ ಹೇಳುವುದು ನಮ್ಮಪ್ಪನ ಕೆಲಸ. ತಾರಕಾಸುರನ ಉಪಟಳ ತಾಳಲಾರದ ದೇವತೆಗಳು ತಪಸ್ಸಿಗೆ ಕೂತ ಶಿವನ ಮನಸ್ಸು ಕದಡಲು ಮನ್ಮಥನನ್ನು ಕಳಿಸಿದ್ದು, ಅವನು ಕಬ್ಬಿನ ಬಿಲ್ಲಿಗೆ ಹೂಬಾಣ ಹೂಡಿದ್ದು, ಶಿವ ಮೂರನೆಯ ಕಣ್ಣು ತೆರೆದದ್ದು. "ಸುಟ್ಟು ಬೂದಿಯಾದ!" ಎಂದು ಅಪ್ಪ ಗುಡುಗಿದೊಡನೆ ಪಂಜು ಸೌದೆಗೆ ತಗುಲಬೇಕು. ಪ್ರತಿವರ್ಷವೂ ಕಥೆ ಅಲ್ಲಿಗೇ ಮುಕ್ತಾಯ. ಅಪ್ಪ ಆ ಮಾತು ಹೇಳುವಾಗ ಹೆಣ್ಣುಮಕ್ಕಳು ನಿಂತ ಕಡೆಗೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು.

ನನಗಾಗ ಹತ್ತೊಂಬತ್ತು. ನಮ್ಮೂರ ಶಾಲೆಗೆ ಕೆಂಚಾರ್ಲಹಳ್ಳಿಯ ಮೇಷ್ಟ್ರೊಬ್ಬರು ಬಂದಿದ್ದರು. ಓದಲು ಕೊಟ್ಟ ಪುಸ್ತಕದೊಳಗೆ ಒಂದು ಕಾಗದವಿಟ್ಟಿದ್ದರು: ನನಗೆ ಮನಸ್ಸಿದ್ದರೆ ಹಿರಿಯರನ್ನು ಕಳಿಸುತ್ತಾರಂತೆ, ಇಲ್ಲವಾದರೆ ವರ್ಗ ಮಾಡಿಸಿಕೊಂಡು ಹೊರಟುಹೋಗುತ್ತಾರಂತೆ. ಮನಸ್ಸೇನೋ ಇತ್ತು, ಧೈರ್ಯವಿರಲಿಲ್ಲ. ಕಾಗದವನ್ನು ಹಿತ್ತಲಿನ ಚಂದ್ರಿಕೆಯಲ್ಲಿ ಸಿಕ್ಕಿಸಿದೆ. ಚಂದ್ರಿಕೆಯೆಂದರೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಆಳೆತ್ತರದ ಬಿದಿರಿನ ತಟ್ಟಿ. ಹರಿದುಹೋದ ಅದನ್ನು ಮುಂದಿನ ಬೆಳೆಯವರೆಗೂ ಯಾರು ಮುಟ್ಟುತ್ತಾರೆ ಎಂಬ ನನ್ನ ಜಾಣತನಕ್ಕೆ ಹುಣ್ಣಿಮೆಯ ನೆನಪೇ ಬರಲಿಲ್ಲ.

ಸಂಜೆ ಬಯಲಿಗೆ ಹೋಗಿ ನೋಡುತ್ತೇನೆ, ಸೌದೆಯ ರಾಶಿಗೆ ಒರಗಿ ನಿಂತಿದೆ ನಮ್ಮದೇ ಚಂದ್ರಿಕೆ! ಕಾಗದ ಯಾರ ಕೈಗಾದರೂ ಬಿದ್ದರೆ ನನ್ನ ಮಾನ ಬೀದಿಪಾಲು, ಮೇಷ್ಟ್ರಿಗೆ ಊರಲ್ಲಿ ಉಳಿಗಾಲವಿಲ್ಲ.

"ಲೋ ರಾಮು, ಅದು ನಮ್ಮನೇದು ಕಣೋ, ಕೊಟ್ಬಿಡೋ," ಎಂದು ತಮ್ಮನನ್ನು ಗೋಗರೆದೆ.

"ಕಾಮನಿಗೆ ಕೊಟ್ಟಿದ್ದು ವಾಪಸ್ ಕೇಳ್ಬಾರ್ದು ಕಣಕ್ಕ. ಹೋಗು, ಹೋಗು!"

ಅಷ್ಟರಲ್ಲಿ ಅಪ್ಪ ಬಂದರು. ಚಂದ್ರಿಕೆಯ ಗುರುತು ಹಿಡಿದು ನಕ್ಕರು, ನೆಟ್ಟಗೆ ನಿಲ್ಲಿಸಲು ಕೈಯಿಟ್ಟರು, ಕೈ ಅಲ್ಲೇ ನಿಂತಿತು. ಕಾಗದ ಬಿಡಿಸಿದರು, ಪಂಜಿನ ಬೆಳಕಿಗೆ ಹಿಡಿದು ಓದಿದರು. ಅವರು ಅದನ್ನು ಮಡಿಸಿ, ಇದ್ದಲ್ಲಿಯೇ ಸಿಕ್ಕಿಸಿ, ಏನೂ ಆಗದವರಂತೆ ಕಥೆ ಶುರುಮಾಡಿದರು.

"ಸುಟ್ಟು ಬೂದಿಯಾದ!" ಹುಡುಗರು ಪಂಜು ಎತ್ತಿದರು.

"ತಾಳ್ರಪ್ಪ, ಕಥೆ ಇನ್ನೂ ಇದೆ," ಎಂದರು ಅಪ್ಪ.

ಊರೇ ಬೆರಗಾಯಿತು. ರತಿ ಶಿವನ ಮುಂದೆ ಗೋಳಾಡಿದಳು, ಶಿವ ಕರಗಿದ, ನಿನ್ನ ಗಂಡ ಮೈಯಿಲ್ಲದೆ ಬದುಕುತ್ತಾನೆ, ನಿನ್ನೊಬ್ಬಳ ಕಣ್ಣಿಗೆ ಮಾತ್ರ ಕಾಣುತ್ತಾನೆ ಎಂದು ವರ ಕೊಟ್ಟ. ಇಷ್ಟು ಹೇಳುವಾಗ ಅಪ್ಪನ ದನಿ ಗುಡುಗಲಿಲ್ಲ. ಆಮೇಲೆ ತಾವೇ ಪಂಜು ತೆಗೆದುಕೊಂಡು ಮೊದಲು ಚಂದ್ರಿಕೆಗೆ ಹಚ್ಚಿದರು.

ರಾತ್ರಿಯೆಲ್ಲ ನನಗೆ ನಿದ್ದೆಯಿಲ್ಲ. ಬೆಳಿಗ್ಗೆ ಅಪ್ಪ ಬಯಲಿಂದ ಬೂದಿ ತಂದು ನನ್ನ ಹಣೆಗಿಟ್ಟರು.

"ಕೆಂಚಾರ್ಲಹಳ್ಳಿಗೆ ಹೋಗ್ಬರ್ತೀನಿ ಕಣಮ್ಮ. ಮೇಷ್ಟ್ರ ಮನೆಯೋರ ಹತ್ರ ಮಾತಾಡ್ಬೇಕು."

"ನಾನು ಉತ್ತರ ಬರ್ದಿಲ್ಲಪ್ಪ," ಎಂದೆ.

"ಬೇಡದ ಕಾಗದಾನ ಯಾರಾದ್ರೂ ಬಚ್ಚಿಡ್ತಾರೇನಮ್ಮ?"

ಅಬ್ಬಾ, ಆ ಕ್ಷಣ ನನ್ನ ಎದೆಯ ಮೇಲಿಂದ ಚಪ್ಪಡಿ ಕಲ್ಲೇ ಇಳಿಯಿತು. ಹಿತ್ತಲಿಗೆ ಓಡಿ ಮನಸಾರೆ ಅತ್ತೆ. ಅಷ್ಟು ಹಗುರವಾಗಿ ನಾನು ಮತ್ತೆಂದೂ ಅತ್ತಿಲ್ಲ. ಕಥೆಯನ್ನು ಎಲ್ಲಿಗೆ ನಿಲ್ಲಿಸುತ್ತೇವೆ ಎಂಬುದರ ಮೇಲೆ ಒಂದು ಬಾಳು ನಿಂತಿರುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಅಪ್ಪನಿಗೆ ಉಳಿದರ್ಧ ಮೊದಲಿನಿಂದಲೂ ಗೊತ್ತಿತ್ತು, ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಆ ಬೂದಿಯೇ ಈ ಡಬ್ಬಿಯಲ್ಲಿರುವುದು. ಬಿದಿರಿನದೆಷ್ಟು, ಕಾಗದದ್ದೆಷ್ಟು, ಬಲ್ಲವರಿಲ್ಲ. ಇವತ್ತೂ ಮುಚ್ಚಳ ತೆಗೆದು ಹಣೆಗೆ ಚಿಟಿಕೆ ಇಟ್ಟುಕೊಂಡೆ. ಕಾಮನಿಗೆ ಕೊಟ್ಟದ್ದು ವಾಪಸು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದೆ ನೋಡಿ, ಎದುರಿನ ಕುರ್ಚಿಯಲ್ಲಿ ಕೂತು, ಕಾಫಿಗೆ ಸಕ್ಕರೆ ಸಾಲದು ಎಂದು ಗೊಣಗುತ್ತಿದೆ.