ಸಭೆಗೆ ಸೇರಿಸುವುದು

ಈ ವರ್ಷ ಜುಲೈ ತಿಂಗಳ ಮೊದಲ ಶನಿವಾರ ಮಧ್ಯಾಹ್ನ, ಹೊನ್ನಾಳಿಯ ಖಾಸಗಿ ಕ್ರೈಸ್ತ ಶಾಲೆಯೊಂದರ ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ಸಾಲಿನ ಸೂಚನೆ ಹೋಯಿತು: ‘ಸೋಮವಾರದಿಂದ ಹೊಸ ಮಕ್ಕಳನ್ನೂ ಸಭೆಗೆ ಸೇರಿಸಿಕೊಳ್ಳಲಾಗುವುದು. ಬಿಳಿ ಬಟ್ಟೆ ತೊಡಿಸಿ ಕಳುಹಿಸಿ.’ ಅದನ್ನು ಬರೆದವಳು ನನ್ನ ಹೆಂಡತಿ. ಆಕೆ ಅಲ್ಲಿ ಕನ್ನಡ ಶಿಕ್ಷಕಿ. ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಪೊಲೀಸ್ ಜೀಪು ನಿಂತಿತ್ತು.

ಆ ಶಾಲೆ ಶುರುವಾದದ್ದು ನಿಂತುಹೋಗಿದ್ದ ಅಕ್ಕಿ ಗಿರಣಿಯೊಂದರಲ್ಲಿ. ಮಂಗಳೂರು ಕಡೆಯಿಂದ ಬಂದ ಇಬ್ಬರು ಸಿಸ್ಟರ್‌ಗಳು ಗಿರಣಿಯ ಗೋದಾಮನ್ನು ಬಾಡಿಗೆಗೆ ಹಿಡಿದು, ನಡುವೆ ತಟ್ಟಿ ಕಟ್ಟಿ ಎರಡು ತರಗತಿ ಮಾಡಿದ್ದರು. ಅಪ್ಪನಿಗೆ ಚನ್ನಗಿರಿಯಿಂದ ಹೊನ್ನಾಳಿಗೆ ವರ್ಗವಾದಾಗ ನನ್ನನ್ನೂ ಅಲ್ಲಿಗೆ ಸೇರಿಸಿದರು. ತೌಡಿನ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಒಬ್ಬ ಸೀನಿದರೆ ಸಾಲೆಲ್ಲ ಸೀನುತ್ತಿತ್ತು. ಸಿಸ್ಟರ್ ಕಣ್ಣು ಮುಚ್ಚಿಕೊಂಡೇ ನಗು ತಡೆಯುತ್ತಿದ್ದರು. ಮಕ್ಕಳಲ್ಲಿ ಕ್ರೈಸ್ತರು ಆಗಲೂ ಬೆರಳೆಣಿಕೆ, ಈಗಲೂ ಅಷ್ಟೆ. ಉಳಿದವರು ರೈತರ, ಅಂಗಡಿಯವರ, ನೌಕರರ ಮಕ್ಕಳು. ವಿಭೂತಿ ಹಚ್ಚಿಕೊಂಡು ಬಂದವನಿಗೆ ಅಳಿಸು ಅಂದದ್ದನ್ನು ನಾನು ಕೇಳಿಲ್ಲ. ಊರಿನವರಿಗೆ ಅದು ಸಿಸ್ಟರ್ ಸ್ಕೂಲು. ಬೋರ್ಡಿನ ಮೇಲಿದ್ದ ಸಂತನ ಹೆಸರು ಅಂಚೆಯವನಿಗೆ ಮಾತ್ರ ಬೇಕಾಗಿತ್ತು.

ಗಿರಣಿಯ ಅಂಗಳ ಚಿಕ್ಕದು. ಬೆಳಗಿನ ಅಸೆಂಬ್ಲಿಗೆ ಎಲ್ಲರೂ ನಿಲ್ಲಲು ಜಾಗ ಸಾಲದೆ, ಹೊಸ ಮಕ್ಕಳನ್ನು ಜಗಲಿಯ ಮೇಲೆ ಕೂರಿಸುತ್ತಿದ್ದರು. ಅವರು ಕೂತು ನೋಡಿ, ನಾಡಗೀತೆ ಕಲಿತು, ದರ್ಜಿ ಸಮವಸ್ತ್ರ ಹೊಲಿದುಕೊಟ್ಟ ಮೇಲೆ ಸಾಲಿಗೆ ಇಳಿಯುತ್ತಿದ್ದರು. ನ್ಯಾಮತಿ ರಸ್ತೆಯಲ್ಲಿ ಸ್ವಂತ ಕಟ್ಟಡ, ದೊಡ್ಡ ಮೈದಾನ, ಹುಡುಗಿಯರ ಹಾಸ್ಟೆಲ್ ಎಲ್ಲ ಆದ ಮೇಲೂ ಆ ಪದ್ಧತಿ ಉಳಿಯಿತು. ಜೂನ್ ತಿಂಗಳು ಜಗಲಿ, ಜುಲೈಗೆ ಸಾಲು. ಸಾಲಿಗೆ ಇಳಿಯುವ ಮೊದಲ ದಿನ ಬಿಳಿ ಸಮವಸ್ತ್ರ.

ಶಾಲೆಯಲ್ಲಿ ಎಲ್ಲರೂ ಅಸೆಂಬ್ಲಿ ಎಂದೇ ಅನ್ನುತ್ತಾರೆ. ನನ್ನ ಹೆಂಡತಿ ಮಾತ್ರ ಬರೆಯುವಾಗ ಕನ್ನಡ ಪದ ಹುಡುಕುತ್ತಾಳೆ. ಸಹೋದ್ಯೋಗಿಗಳು ಅದಕ್ಕೇ ಅವಳನ್ನು ರೇಗಿಸುತ್ತಾರೆ: ‘ಕನ್ನಡ ಮೇಡಂ, ಬಸ್ಸಿಗೆ ಏನಂತೀರ್ರೀ?’ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಇಂಗ್ಲಿಷಿನಲ್ಲಿ ಕೊಟ್ಟ ಸೂಚನೆಯನ್ನು ಅವಳು ಕನ್ನಡಕ್ಕೆ ತಿರುಗಿಸಿದಳು. ಅಸೆಂಬ್ಲಿ ಸಭೆಯಾಯಿತು. ಸಮವಸ್ತ್ರವನ್ನು ಸುಲಭವಾಗಲಿ ಎಂದು ಬಟ್ಟೆ ಮಾಡಿದಳು.

ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನ್ಯಾಮತಿಯಿಂದ ಅವಳ ತಮ್ಮನ ಫೋನು.

‘ಏನಕ್ಕಾ, ನಿಮ್ ಸ್ಕೂಲಲ್ಲಿ ಹುಡುಗ್ರನ್ನ ಸಭೆಗೆ ಸೇರಿಸ್ತಾರಂತೆ?’

‘ಹೌದಪ್ಪ, ಹೊಸ ಮಕ್ಕಳನ್ನ. ಅದಕ್ಕೇನೀಗ?’

‘ಅಯ್ಯೋ, ಮೆಲ್ಲಗೆ ಮಾತಾಡು ಮಾರಾಯ್ತಿ. ಊರ್ ತುಂಬಾ ಅದೇ ಓಡಾಡ್ತೈತೆ.’

ಅವನು ಕಳಿಸಿದ ಚಿತ್ರ ನೋಡಿದೆವು. ಶನಿವಾರದ ಸೂಚನೆಯೇ. ‘ಸಭೆಗೆ ಸೇರಿಸಿಕೊಳ್ಳಲಾಗುವುದು’ ಎಂಬುದರ ಸುತ್ತ ಕೆಂಪು ಗೆರೆ, ‘ಬಿಳಿ ಬಟ್ಟೆ’ಯ ಸುತ್ತ ಇನ್ನೊಂದು. ಕೆಳಗೆ ಯಾರೋ ‘ಮತಾಂತರಕ್ಕೆ ದಿನ ಗೊತ್ತಾಯಿತು’ ಎಂದು ಸೇರಿಸಿದ್ದರು. ಕೆಲವು ಪ್ರಾರ್ಥನಾ ಮಂದಿರಗಳವರು ತಮ್ಮ ಕೂಟವನ್ನು ಸಭೆ ಅನ್ನುತ್ತಾರೆ. ಅಲ್ಲಿಗೆ ಹೋಗಿ ಅವರಲ್ಲೇ ಒಬ್ಬರಾಗುವುದಕ್ಕೆ ಜನ ‘ಸಭೆಗೆ ಸೇರಿದ’ ಅನ್ನುತ್ತಾರೆ. ನಾವಿಬ್ಬರೂ ಆ ಮಾತು ಕೇಳಿದವರೇ. ಶನಿವಾರ ಇಬ್ಬರಿಗೂ ಹೊಳೆದಿರಲಿಲ್ಲ.

ಹೆಂಡತಿ ಸಿಸ್ಟರ್‌ಗೆ ಫೋನು ಮಾಡಿದಳು. ಸಿಸ್ಟರ್ ಎಲ್ಲ ಕೇಳಿ, ‘ಅಸೆಂಬ್ಲಿಗೆ ಕನ್ನಡದಲ್ಲಿ ಸಭೆ ಅಂತ ಅಲ್ವಾ ಹೇಳುವುದು? ಮತ್ತೆಂತ ಬರೀಬೇಕಿತ್ತು?’ ಅಂದರು. ಆಮೇಲೆ, ‘ನೀವು ಬರೆದದ್ದು ಅಂತ ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ. ಶಾಲೆಯ ಸೂಚನೆ, ಶಾಲೆ ಉತ್ತರ ಕೊಡ್ತದೆ’ ಅಂದರು. ತಿದ್ದಿದ ಸೂಚನೆ ಗುಂಪಿಗೆ ಹೋಯಿತು. ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ.

ನಾನು ಪತ್ರಿಕೆಯೊಂದರ ಹೊನ್ನಾಳಿ ವರದಿಗಾರ. ನಮ್ಮ ದಾವಣಗೆರೆ ಕಚೇರಿಗೆ ವಿಷಯ ತಿಳಿಸಿದೆ. ಸೂಚನೆ ಬರೆದವರು ನಮ್ಮ ಮನೆಯವರು, ನಾನು ಈ ಸುದ್ದಿ ಬರೆಯುವಂತಿಲ್ಲ ಅಂದೆ. ಅವರು ಚನ್ನಗಿರಿಯ ವರದಿಗಾರನನ್ನು ಕಳಿಸುವುದಾಗಿ ಹೇಳಿ, ‘ನೀನು ಅಲ್ಲಿದ್ರೂ ಇಲ್ಲದಂಗಿರು’ ಎಂದರು.

ಅವತ್ತು ಹೆಂಡತಿಗೆ ಇನ್ನೊಂದು ಫೋನು ಬಂತು, ಜಗಳೂರು ತಾಲ್ಲೂಕಿನಿಂದ. ಆರನೇ ತರಗತಿಗೆ ಹೊಸದಾಗಿ ಸೇರಿ ಹಾಸ್ಟೆಲಿನಲ್ಲಿದ್ದ ಹುಡುಗಿಯ ಅಪ್ಪ. ಅವರದು ಕುರಿ ಸಾಕಣೆ. ನಮ್ಮ ಕಡೆ ಭತ್ತದ ಕೊಯ್ಲಾದ ಮೇಲೆ ಗಂಡ ಹೆಂಡತಿ ಮಂದೆ ಹೊಡೆದುಕೊಂಡು ಬಂದು, ಗೊಬ್ಬರಕ್ಕಾಗಿ ಗದ್ದೆ ಗದ್ದೆಯಲ್ಲಿ ಕುರಿ ನಿಲ್ಲಿಸುತ್ತಾರೆ. ಹಾಗೆ ಶಾಲೆಯ ಹಿಂದಿನ ಗದ್ದೆಯಲ್ಲಿ ಬಿಡಾರ ಹಾಕಿದ್ದಾಗ, ಮಗಳು ಬೇಲಿಯ ಪಕ್ಕ ನಿಂತು ದಿನಾ ಅಸೆಂಬ್ಲಿ ನೋಡುತ್ತಿದ್ದಳಂತೆ. ಅಲ್ಲೇ ಓದುತ್ತೇನೆ ಎಂದು ಹಟ ಹಿಡಿದು ಸೇರಿದ್ದಳು. ಮಂದೆಯ ಹಿಂದೆ ಊರೂರು ತಿರುಗುವ ಮನೆಯಲ್ಲಿ ಶಾಲೆ ಆಗಾಗ ತಪ್ಪುತ್ತಿತ್ತು. ಹಾಸ್ಟೆಲು ಬಿಟ್ಟರೆ ಅವಳಿಗೆ ಮತ್ತೆ ಮಂದೆಯೇ.

‘ನಾಳೆ ಬರ್ತೀನಿ ಅಕ್ಕೋರೆ, ಮಗ್ಳನ್ನ ಕರ್ಕೊಂಡು ಹೋಗಾಕೆ’ ಎಂದಷ್ಟೇ ಹೇಳಿ ಆತ ಫೋನಿಟ್ಟರು. ಹುಡುಗಿ ಹೆಂಡತಿಯ ತರಗತಿಯವಳು. ಅಂದು ಹೆಂಡತಿ ಊಟಕ್ಕೆ ಏಳಲಿಲ್ಲ.

ಸೋಮವಾರ ಗೇಟಿನ ಮುಂದೆ ಶಾಲು ಹಾಕಿದ ಹುಡುಗರ ಗುಂಪು, ಹಿಂದೆ ದಿಕ್ಕು ತೋಚದ ಪಾಲಕರು. ಮುಂದೆ ನಿಂತಿದ್ದವನು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು. ಬರೆದವರ ಹೆಸರು ಹೇಳಿ ಎಂದು ಕೂಗುತ್ತಿದ್ದ. ಸಿಸ್ಟರ್ ಗೇಟಿನ ತನಕ ಬಂದರು.

‘ನೀನು ಇಲ್ಲೇ ಅಲ್ವಾ ಓದಿದ್ದು? ದಿನಾ ಇದೇ ಸಭೆಗೆ ನಿಲ್ತಿದ್ದೆಯಲ್ಲ, ನಿನಗೆ ಎಂತ ಆಯ್ತು?’

‘ಏನೂ ಆಗ್ಲಿಲ್ಲ ಸಿಸ್ಟರ್, ಗಣಿತನೂ ಬರ್ಲಿಲ್ಲ’ ಎಂದು ಪಾಲಕರ ನಡುವಿನಿಂದ ಯಾರೋ ಅಂದರು. ನಗು ಎದ್ದಿತು. ಅವನ ಕಿವಿ ಕೆಂಪಾಯಿತು.

‘ನಗ್ರಿ, ನಗ್ರಿ. ನಿಮ್ ಮಕ್ಳು ಹೋದ್ ಮ್ಯಾಲೆ ಅಳೀರಂತೆ. ಹೆಸ್ರು ಹೇಳೋತನ ಇಲ್ಲಿಂದ ಏಳಂಗಿಲ್ಲ.’ ನಗು ನಿಂತಿತು. ಸಬ್ ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿದರು.

ಹೊಸ ಮಕ್ಕಳನ್ನು ಅಂದು ಸಾಲಿಗೆ ಇಳಿಸಲಿಲ್ಲ. ಬಿಳಿ ಬಟ್ಟೆಯಲ್ಲಿ ಬಂದಿದ್ದವರು ಜಗಲಿಯ ಮೇಲೆ ಕೂತೇ ಇದ್ದರು.

ಕುರಿಗಾಹಿ ಅಪ್ಪ ಜಗಳೂರಿನಿಂದ ಮೊದಲ ಬಸ್ಸು ಹಿಡಿದು, ದಾವಣಗೆರೆಯಲ್ಲಿ ಬದಲಾಯಿಸಿ ಬಂದಿದ್ದರು. ಆಫೀಸಿನಲ್ಲಿ ಸಿಸ್ಟರ್, ಕ್ಷೇತ್ರ ಶಿಕ್ಷಣಾಧಿಕಾರಿ, ನನ್ನ ಹೆಂಡತಿ ಇದ್ದರು. ನಾನು ಬಾಗಿಲ ಬಳಿ ನಿಂತೆ. ಕೂರಿ ಎಂದರೂ ಆತ ಕೂರಲಿಲ್ಲ.

‘ನಮ್ ತಮ್ಮ ದಾವಣಗೆರೆಗೆ ದುಡಿಯಾಕೆ ಹೋಗಿ ಸಭೆಗೆ ಸೇರ್ದ ಸಾಹೇಬ್ರೆ. ಬಿಳಿ ಬಟ್ಟೆ ಹಾಕ್ಕೊಂಡು ನೀರಾಗೆ ಮುಳುಗಿದ್ ಫೋಟೋ ಊರಿಗೆ ಬಂತು. ಅವತ್ತಿಂದ ನಮ್ಮವ್ವ ಅವನ ಮಕ ನೋಡಿಲ್ಲ. ನಮ್ಮನ್ಯಾಗೆ ಸಭೆ ಅಂದ್ರೆ ಅದೊಂದೇ ಅರ್ಥ. ಈಗ ಮಗ್ಳಿಗೂ ಅದೇ ಮಾತು, ಅದೇ ಬಿಳಿ ಬಟ್ಟೆ. ಇದನ್ನ ಬರ್ದೋರು ಯಾರ್ರೀ?’

ಸಿಸ್ಟರ್ ಬಾಯಿ ತೆರೆಯುವ ಮೊದಲೇ ಹೆಂಡತಿ, ‘ನಾನೇ ಬರ್ದಿದ್ದು ಕಣ್ರೀ’ ಎಂದಳು.

ಆತ ಅವಳ ಕುಂಕುಮ, ಕೊರಳು, ಬಳೆ ನೋಡಿದರು. ‘ನೀವಾ ಅಕ್ಕೋರೆ?’ ಎಂದು, ನಂಬಲು ಸಮಯ ಬೇಕೆಂಬಂತೆ ಗೋಡೆಗೆ ಒರಗಿದರು. ಶಿಕ್ಷಣಾಧಿಕಾರಿ ಹುಡುಗಿಯನ್ನು ಕರೆಸಿ ಎಂದರು. ಅವಳು ಬಂದು ಅಪ್ಪನ ಪಕ್ಕ ನಿಂತಳು. ಬಿಳಿ ಅಂಗಿಯ ತೋಳು ಉದ್ದವಾಗಿ ಬೆರಳು ಮುಚ್ಚಿತ್ತು.

ಅಪ್ಪನೇ ಕೇಳಿದರು. ‘ಇಲ್ಲಿ ಸಭೆ ಅಂದ್ರೆ ಏನವ್ವಾ?’

‘ಅದೇ, ಬೇಲಿ ತಾವ ನೋಡ್ತಿದ್ನಲ್ಲಪ್ಪ. ಸಾಲಾಗಿ ನಿಲ್ಲಾದು. ಕೈ ಚಾಚಿ ದೂರ ಸರಿಯಾದು. ನಾಡಗೀತೆ ಹಾಡಾದು. ಒಬ್ರು ಪೇಪರ್ ಓದ್ತಾರೆ. ನಾನಿನ್ನೂ ನಿಂತಿಲ್ಲ.’

‘ದೇವ್ರ ಪ್ರಾರ್ಥನೆ?’

‘ಅದೂ ಐತೆ. ಸಿಸ್ಟರ್ ಹೇಳ್ತಾರೆ, ಎಲ್ರೂ ಸುಮ್ನೆ ನಿಂತಿರ್ತಾರೆ.’

ಅಧಿಕಾರಿ, ‘ಆಯ್ತಲ್ಲಪ್ಪ, ಗೊತ್ತಾಯ್ತಲ್ಲ? ಮಗು ಇಲ್ಲೇ ಇರಲಿ’ ಎಂದರು.

‘ನಂಗೆ ಗೊತ್ತಾಯ್ತು ಸಾಹೇಬ್ರೆ. ಊರಿಗೆ ಹೆಂಗೆ ಗೊತ್ತು ಮಾಡ್ಲಿ? ಆ ಕೆಂಪು ಗೆರೆ ಫೋಟೋ ನಂಗೆ ಕಳ್ಸಿದ್ದೇ ನಮ್ಮೂರಿನೋರು. ತಮ್ಮ ಹೋದ, ಈಗ ಮಗ್ಳನ್ನೂ ಬಿಟ್ಟ ಅಂತಾರೆ. ನಾಳೆ ಮನೆದೇವ್ರ ಕಾರ್ಯಕ್ಕೆ ನಮ್ಮ ಬುತ್ತಿ ಬ್ಯಾಡ ಅಂದ್ರೆ?’

ಹೆಂಡತಿ, ‘ಹಾಸ್ಟೆಲ್ ಬ್ಯಾಡ, ನಮ್ಮನೇಲಿ ಇಟ್ಕೊಂತೀನಿ. ದಿನಾ ನನ್ ಜೊತೆ ಬರ್ಲಿ’ ಎಂದಳು. ಈ ಮಾತು ಅವಳು ನನ್ನ ಹತ್ತಿರ ಆಡಿರಲಿಲ್ಲ. ಆತ ನನ್ನ ಕಡೆ ನೋಡಿದರು. ನಾನು ಆಗಲಿ ಎಂದು ತಲೆಯಾಡಿಸಿದೆ.

‘ನಿಮ್ ಋಣ ದೊಡ್ಡದು ಅಕ್ಕೋರೆ. ಆದ್ರೂ ಸ್ಕೂಲು ಇದೇ ತಾನೆ?’

ಹುಡುಗಿ ಅಳಲಿಲ್ಲ. ಹಾಸ್ಟೆಲಿಗೆ ಹೋಗಿ ಬಿಳಿ ಅಂಗಿ ಬಿಚ್ಚಿ, ಊರಿನಿಂದ ಬಂದಾಗ ಹಾಕಿದ್ದ ಲಂಗ ತೊಟ್ಟುಕೊಂಡು, ಟ್ರಂಕು ಹಿಡಿದು ಬಂದಳು. ಸಿಸ್ಟರ್ ವರ್ಗಾವಣೆ ಪತ್ರಕ್ಕೆ ಅರ್ಜಿ ಮುಂದಿಟ್ಟರು. ಆತ ಅದನ್ನು ಮುಟ್ಟಲಿಲ್ಲ.

‘ಹೆಸ್ರು ಹೊಡೀಬ್ಯಾಡ್ರಿ ಸಿಸ್ಟರಮ್ಮ. ಹಿರೇರ್ನ ಕೇಳಿ ನೋಡ್ತೀನಿ.’

ಗೇಟಿನಲ್ಲಿ ಟ್ರಂಕು ಕಂಡದ್ದೇ ಗುಂಪು ಘೋಷಣೆ ಕೂಗಿತು. ಅಪ್ಪನ ಕೈಯಲ್ಲಿದ್ದ ಟ್ರಂಕನ್ನು ಎತ್ತಿಕೊಳ್ಳಲು ಮೊಬೈಲ್ ಅಂಗಡಿಯವನು ಮುಂದೆ ಬಂದ. ‘ಬಿಡ್ರಿ, ನಮ್ಮದು ನಾವೇ ಹೊರ್ತೀವಿ’ ಎಂದು ಅಪ್ಪ ಮಗಳ ಕೈ ಹಿಡಿದು ನಿಲ್ದಾಣದ ಕಡೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಗುಂಪು ಚದುರಿತು. ಬರೆದವರು ಯಾರು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಮರುದಿನದ ಪತ್ರಿಕೆಯಲ್ಲಿ ಚನ್ನಗಿರಿಯ ವರದಿಗಾರ ಬರೆದ ಸುದ್ದಿ ಬಂತು. ‘ಪದಬಳಕೆಯ ಗೊಂದಲ, ಪರಿಸ್ಥಿತಿ ಶಾಂತ’ ಎಂದಿತ್ತು. ಹುಡುಗಿಯ ವಿಷಯ ಇರಲಿಲ್ಲ. ಶಿಕ್ಷಣಾಧಿಕಾರಿ ಶಾಲೆಯಲ್ಲಿ ತಪ್ಪಿಲ್ಲವೆಂದು ವರದಿ ಕೊಟ್ಟರು. ಉಳಿದ ಹೊಸ ಮಕ್ಕಳು ಒಂದು ವಾರದ ನಂತರ ಸಾಲಿಗೆ ಇಳಿದರು. ಹೆಂಡತಿ ಈಗಲೂ ಅಲ್ಲೇ ಪಾಠ ಮಾಡುತ್ತಾಳೆ. ಸೂಚನೆಗಳನ್ನು ಬೇರೆಯವರು ಬರೆಯುತ್ತಾರೆ.

ದಸರಾ ರಜೆಯಲ್ಲಿ ಹುಡುಗಿಯ ಅಪ್ಪ ಫೋನು ಮಾಡಿದ್ದರು. ಊರಿನ ಹಿರಿಯರು ಒಮ್ಮೆ ಕೂತು ಮಾತಾಡಿದ್ದಾರೆ, ಇಬ್ಬರು ಒಪ್ಪಿದ್ದಾರೆ, ಉಳಿದವರು ದೀಪಾವಳಿ ಕಳೆಯಲಿ ಎಂದಿದ್ದಾರೆ ಎಂದರು. ಮಗಳು ಮಂದೆಯ ಜೊತೆ ಇದ್ದಾಳೆ ಎಂದೂ ಹೇಳಿದರು. ದೀಪಾವಳಿ ಕಳೆದಿದೆ. ಫೋನು ಬಂದಿಲ್ಲ. ಹೆಂಡತಿ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬರುತ್ತಿದೆ.