ಮನೆಗೊಂದು ಓಟು

ಆ ಭಾನುವಾರವೂ ಎಂದಿನಂತೆ ಡಿಕಾಕ್ಷನ್ ಇಳಿಯುವುದರೊಳಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಎದುರಿನ ಹೊಂಗೆ ಮರದ ಕೆಳಗೆ ಇಸ್ತ್ರಿಯವಳು ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ಅವಳ ಗಾಡಿ ಅಲ್ಲಿರಬೇಕೋ ಬೇಡವೋ ಎಂದು ನಮ್ಮ ಬೀದಿಯ ಸಂಘ ಹನ್ನೊಂದು ಗಂಟೆಗೆ ಓಟು ಹಾಕುವುದಿತ್ತು.

“ನೀವೊಂದ್ಮಾತು ಹೇಳಿ ಅಮ್ಮಾ” ಅಂದಳು. ಹೇಳ್ತೀನಿ ಅಂದೆ.

ಸಂಘದ ನಿಯಮ, ಮನೆಗೊಂದು ಓಟು. ಕೇಳಲು ಎಷ್ಟು ಚೆಂದ. ಮೂಲೆಯ ಬಂಗಲೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ನಾಲ್ಕು ಗೇಟು ಇಟ್ಟಿದ್ದಾರೆ. ಅದು ನಾಲ್ಕು ಮನೆ. ಪಕ್ಕದ ವಠಾರದಲ್ಲಿ ಇಸ್ತ್ರಿಯವಳದೂ ಸೇರಿ ಒಂಬತ್ತು ಸಂಸಾರ. ಮಾಲೀಕರು ಒಬ್ಬರೇ, ಹಾಗಾಗಿ ಅದು ಒಂದೇ ಮನೆ. ಆ ಮಾಲೀಕರು ಇರುವುದು ತ್ಯಾಗರಾಜನಗರದಲ್ಲಿ. ಸಭೆಗೆ ಕಾರಿನಲ್ಲಿ ಬಂದರು, ಒಂಬತ್ತು ಸಂಸಾರದ ಪರವಾಗಿ ಗಾಡಿ ಬೇಡವೆಂದು ಕೈಯೆತ್ತಿದರು, ಚೌಚೌಬಾತ್ ತಿಂದು ಹೋದರು. ಆ ಸಂಸಾರಗಳು ಕಾಂಪೌಂಡಿನಾಚೆ ನಿಂತು ನೋಡಿದವು.

ನಮ್ಮ ಕಾನ್ವೆಂಟಿನಲ್ಲಿ ಕ್ಲಾಸ್ ಲೀಡರ್ ಆರಿಸುವಾಗ ಸಿಸ್ಟರ್ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಡುತ್ತಿದ್ದರು. ಬೆಂಚಿಗೊಂದು ಓಟು ಅಂದಿದ್ದರೆ ಆರನೇ ಕ್ಲಾಸಿನ ಹುಡುಗಿಯರೂ ನಗುತ್ತಿದ್ದರು. ಇಲ್ಲಿ ರಿಟೈರಾದ ದೊಡ್ಡ ಮನುಷ್ಯರಿಗೆ ಯಾರಿಗೂ ನಗು ಬರಲಿಲ್ಲ.

ನಮ್ಮ ಮನೆಯ ಓಟು ನಮ್ಮ ಯಜಮಾನರದು. ಗಾಡಿ ಇರಲಿ ಅಂತ ಕಾಫಿ ಕೊಡುವಾಗಲೇ ಹೇಳಿದ್ದೆ. ಹೂಂ ಅಂದಿದ್ದರು, ಪೇಪರಿನಿಂದ ತಲೆಯೆತ್ತದ ಹೂಂ. ಸಭೆಯಲ್ಲಿ ಅತ್ತ ಇತ್ತ ನೋಡಿ, ಕಾರು ತಿರುಗಿಸೋಕೆ ತೊಂದರೆ ಎಂದವರ ಜೊತೆ ಕೈಯೆತ್ತಿದರು. ನಾನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗಿನ ಅಂಚು ನೋಡುತ್ತ ಕೂತಿದ್ದೆ. ಹೇಳ್ತೀನಿ ಅಂದವಳು ಹೇಳಲಿಲ್ಲ.

ಆಮೇಲೆ ಯಾಕೆ ಅಂತ ಕೇಳಿದೆ.

“ಎಲ್ಲಾರೂ ಎತ್ತಿದ್ರಲ್ಲ, ನಾನೊಬ್ನೇ ಹೇಗೆ ಕೂತಿರೋದು?”

ಎಲ್ಲಾರೂ ಅಂದರೆ ಹದಿಮೂರು ಕೈ. ಇರಲಿ ಎಂದವರು ಹತ್ತು. ಆ ಹದಿಮೂರರಲ್ಲಿ ನಾಲ್ಕು ಒಂದೇ ಬಂಗಲೆಯವು. ಕಾರ್ಯದರ್ಶಿಗಳು ಪುಸ್ತಕದಲ್ಲಿ ದುಂಡಗೆ ಬರೆದರು: ನಿವಾಸಿಗಳ ಇಚ್ಛೆಯಂತೆ ತೀರ್ಮಾನಿಸಲಾಯಿತು.

ಸಂಜೆ ಅವಳು ಕೆಂಡಕ್ಕೆ ನೀರು ಚಿಮುಕಿಸಿ, ಗಾಡಿಯ ಮೇಲೆ ಹಾಸಿದ್ದ ಕಂಬಳಿ ಮಡಿಸಿಟ್ಟು, ಗಾಡಿ ತಳ್ಳಿಕೊಂಡು ಹೊರಟಳು. ಎಲ್ಲಿಗೆ ಅಂತ ಕೇಳುವ ಮುಖ ನನಗಿರಲಿಲ್ಲ. ಮೂಲೆ ಬಂಗಲೆಯ ಮೂರನೇ ಗೇಟಿನಾಕೆ ಹೊರಗೆ ಬಂದು, ಗಾಡಿ ತಿರುವು ದಾಟುವವರೆಗೆ ನನ್ನ ಪಕ್ಕದಲ್ಲೇ ನಿಂತು ನೋಡಿದರು.

“ಇವತ್ತೇ ಹೊರಟ್ಬಿಟ್ಲಾ? ನಾಳೆಗೆ ಇವರ ಶರಟುಗಳಿದ್ವಲ್ರೀ. ಅದನ್ನ ಮುಗಿಸ್ಕೊಟ್ಟು ಹೋಗ್ಬಾರ್ದಿತ್ತಾ.”